ಬ್ಯಾಟರಿ ಬದಲಿಸಿದರೆ ಡ್ರೈನ್ ನಿಲ್ಲುವುದಿಲ್ಲ

ಹೊಸ ಬ್ಯಾಟರಿ ಹಾಕಿಸಿಕೊಂಡು ಹೋದ ಗಾಡಿ ಅದೇ ಕಂಪ್ಲೇಂಟ್ ಇಟ್ಟುಕೊಂಡು ವಾಪಸ್ ಬಂದರೆ ನನಗೆ ಸಿಟ್ಟು ಬರುತ್ತದೆ. ಮೊದಲ ಸಲ ಬಂದಾಗ ಡ್ರೈನ್, ಅಂದರೆ ನಿಂತ ಗಾಡಿಯಲ್ಲಿ ಬ್ಯಾಟರಿಯಿಂದ ಸೋರುವ ಕರೆಂಟ್, ಎಷ್ಟಿದೆ ಅಂತ ಯಾರೂ ಅಳೆದಿರುವುದಿಲ್ಲ. ಈ ಕಾರಿನ ಕತೆಯೂ ಅದೇ. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಸೆಲ್ಫ್ ತಗೊಳ್ಳಲ್ಲ, ಜಂಪ್ ಕೊಡಬೇಕು. ಹಳೆಯ ಜಾಬ್ ಕಾರ್ಡ್‌ನಲ್ಲಿ ಬರೆದದ್ದು ಇಷ್ಟು: ಬ್ಯಾಟರಿ ಬದಲಿಸಿದೆ, ಚಾರ್ಜಿಂಗ್ 14.1 ವೋಲ್ಟ್, ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಓಕೆ. ಸ್ಕ್ಯಾನರ್ ಹಾಕಿದರೆ ಲೋ ವೋಲ್ಟೇಜ್ ಕೋಡ್ ಬಿಟ್ಟು ಬೇರೇನೂ ಇಲ್ಲ.

ಹೊರಗಡೆ ಹಾಕಿಸಿದ ಸ್ಟೀರಿಯೋ ಇತ್ತು. ಸೂಪರ್‌ವೈಸರ್ ಅದನ್ನು ಕಂಡವರೇ, "ಇದನ್ನು ಕಿತ್ತು ಕೊಟ್ಟುಬಿಡಪ್ಪ, ಬೇ ಖಾಲಿ ಆಗಲಿ" ಅಂದರು. ಹೊರಗಿನ ವೈರಿಂಗ್ ಮೇಲೆ ಅನುಮಾನ ಬರುವುದು ಸಹಜ, ಆದರೆ ಅನುಮಾನಕ್ಕೆ ಆಂಪಿಯರ್ ಲೆಕ್ಕ ಇಲ್ಲ. ಅರ್ಧ ಗಂಟೆ ಕೊಡಿ ಸರ್ ಅಂತ ಕೇಳಿದೆ. ಮುಖ ಗಂಟಿಕ್ಕಿಕೊಂಡೇ ಒಪ್ಪಿದರು.

ಈ ಅರ್ಧ ಗಂಟೆಯನ್ನು ಉಳಿಸಲು ಹೋಗಿಯೇ ಎಲ್ಲರೂ ಎಡವುವುದು. ಕೀ ತೆಗೆದ ಕೂಡಲೇ ಗಾಡಿ ಮಲಗುವುದಿಲ್ಲ. ಒಳಗಿನ ಕಂಟ್ರೋಲ್ ಯೂನಿಟ್‌ಗಳು ಒಂದೊಂದಾಗಿ ಸ್ಲೀಪ್‌ಗೆ ಹೋಗಬೇಕು. ಕೆಲವು ಗಾಡಿಗೆ ಐದು ನಿಮಿಷ ಸಾಕು, ಕೆಲವಕ್ಕೆ ಅರ್ಧ ಗಂಟೆಯೂ ಬೇಕು. ಅಷ್ಟರೊಳಗೆ ಮೀಟರ್ ನೋಡಿದರೆ ಎಲ್ಲ ಗಾಡಿಯಲ್ಲೂ ಡ್ರೈನ್ ಇದೆ ಅನ್ನಿಸುತ್ತದೆ. ಅದಕ್ಕೆ ಬಾನೆಟ್ ತೆರೆದಿಟ್ಟು, ಡೋರ್ ಮುಚ್ಚಿದೆ ಅಂತ ಗಾಡಿ ತಿಳಿಯಲಿ ಅಂತ ಡೋರ್ ಲ್ಯಾಚನ್ನು ಸ್ಕ್ರೂಡ್ರೈವರ್‌ನಿಂದ ಮುಚ್ಚಿ, ಮೈನಸ್ ಟರ್ಮಿನಲ್‌ಗೂ ಕೇಬಲ್‌ಗೂ ನಡುವೆ ಜಂಪರ್ ವೈರ್ ಕೊಟ್ಟು, ಅದರ ಪಕ್ಕದಲ್ಲೇ 10 ಆಂಪಿಯರ್ ರೇಂಜಿನಲ್ಲಿ ಮೀಟರ್ ಸೇರಿಸಿದೆ. ಗಾಡಿ ಮಲಗಿದ ಮೇಲೆ ಜಂಪರ್ ತೆಗೆದರೆ ಕರೆಂಟ್ ಮೀಟರ್ ಮೂಲಕ ಹರಿಯುತ್ತದೆ, ಸಪ್ಲೈ ಕಡಿಯುವುದಿಲ್ಲ, ಯಾವ ಯೂನಿಟ್ಟೂ ಏಳುವುದಿಲ್ಲ.

ಜಂಪರ್ ತೆಗೆದೆ. ಮೀಟರ್ 0.4 ಆಂಪಿಯರ್ ಹತ್ತಿರ ನಿಂತಿತು. ಅಷ್ಟರಲ್ಲಿ ಸರ್ವಿಸ್ ಅಡ್ವೈಸರ್ ಜೇಬಿನಲ್ಲಿ ಸ್ಮಾರ್ಟ್ ಕೀ ಇಟ್ಟುಕೊಂಡೇ ಕಿಲೋಮೀಟರ್ ರೀಡಿಂಗ್ ಬರೆದುಕೊಳ್ಳಲು ಬಂದು ಡೋರ್ ಹ್ಯಾಂಡಲ್ ಹಿಡಿದರು. ಇಡೀ ಗಾಡಿ ಎದ್ದಿತು, ರೀಡಿಂಗ್ ಜಿಗಿಯಿತು. ಮೀಟರಿನ ಫ್ಯೂಸ್ ಹೋಗುವ ಮುಂಚೆ ಜಂಪರ್ ಮತ್ತೆ ಸಿಕ್ಕಿಸಲು ಓಡಿದೆ. ಫ್ಯೂಸ್ ಉಳಿಯಿತು, ಆದರೆ ಕಾಯುವ ಕೆಲಸ ಮೊದಲಿಂದ ಶುರು. ಸೂಪರ್‌ವೈಸರ್ ಗಡಿಯಾರ ನೋಡುತ್ತಾ ಹತ್ತಿರ ಬಂದು ನಿಂತರು. ಆ ನಿಮಿಷಗಳಲ್ಲಿ ಸ್ಟೀರಿಯೋ ಕಿತ್ತು ಕೊಟ್ಟು ಕೈ ತೊಳೆದುಕೊಳ್ಳುವುದು ತುಂಬಾ ಸುಲಭವಿತ್ತು. ಕೀಯನ್ನು ಆಫೀಸಿಗೆ ಕಳಿಸಿ, ಗಾಡಿ ಮುಟ್ಟಬೇಡಿ ಅಂತ ಬೋರ್ಡ್ ಇಟ್ಟೆ.

ಎರಡನೇ ಸಲವೂ 0.4. ಸಾಮಾನ್ಯವಾಗಿ 0.05 ಆಂಪಿಯರ್ ಒಳಗಿರಬೇಕು. 0.4 ಅಂದರೆ ಹನ್ನೆರಡು ಗಂಟೆಗೆ ಸುಮಾರು 5 ಆಂಪಿಯರ್ ಅವರ್. ಚೆನ್ನಾಗಿ ಚಾರ್ಜ್ ಆದ 45 ಆಂಪಿಯರ್ ಅವರ್ ಬ್ಯಾಟರಿ ಒಂದು ರಾತ್ರಿ ಇದನ್ನು ತಾಳುತ್ತದೆ. ದಿನವೂ ಹತ್ತು ನಿಮಿಷ ಓಡುವ ಗಾಡಿಯಲ್ಲಿ ಹೋದದ್ದು ಪೂರ್ತಿ ತುಂಬುವುದಿಲ್ಲ, ಕೊರತೆ ಸೇರುತ್ತಾ ಹೋಗಿ ಒಂದು ಬೆಳಿಗ್ಗೆ ಕೈಕೊಡುತ್ತದೆ.

ಫ್ಯೂಸ್ ಕೀಳಬಾರದು, ಕಿತ್ತು ಹಾಕಿದರೆ ಮಲಗಿದ ಯೂನಿಟ್ ಮತ್ತೆ ಏಳುತ್ತದೆ. ಪ್ರತಿ ಫ್ಯೂಸಿನ ನೆತ್ತಿಯ ಎರಡು ತೂತಿಗೆ ಪ್ರೋಬ್ ಹಿಡಿದು ಮಿಲಿವೋಲ್ಟ್ ನೋಡಿದರೆ ಸಾಕು, ಕರೆಂಟ್ ಹರಿಯುತ್ತಿದ್ದರೆ ಅಲ್ಲಿ ಸಣ್ಣ ವೋಲ್ಟೇಜ್ ಡ್ರಾಪ್ ಕಾಣುತ್ತದೆ. ಸ್ಟೀರಿಯೋ ಫ್ಯೂಸಿನಲ್ಲಿ ಏನೂ ಇಲ್ಲ. ಒಳಗಿನ ಬಾಕ್ಸಿನಲ್ಲೂ ಬಾನೆಟ್ ಕೆಳಗಿನ ಬಾಕ್ಸಿನಲ್ಲೂ 0.4ಕ್ಕೆ ಹೊಂದುವ ರೀಡಿಂಗ್ ಸಿಗಲಿಲ್ಲ. ಹಾಗಾದರೆ ಕರೆಂಟ್ ಹೋಗುವುದೆಲ್ಲಿಗೆ? ಉಳಿದದ್ದು ದಪ್ಪ ಕೇಬಲ್ಲುಗಳು: ಸ್ಟಾರ್ಟರ್ ಮತ್ತು ಆಲ್ಟರ್ನೇಟರ್. ಆಲ್ಟರ್ನೇಟರಿನದು ಬೋಲ್ಟ್ ಹಾಕಿದ ದೊಡ್ಡ ಫ್ಯೂಸ್, ಇಷ್ಟು ಸಣ್ಣ ಕರೆಂಟಿಗೆ ಅದರ ಮೇಲೆ ಡ್ರಾಪ್ ಕಾಣುವುದೇ ಕಷ್ಟ.

ಮೈನಸ್ ಬಿಚ್ಚಿ, ಆಲ್ಟರ್ನೇಟರಿನಿಂದ ಬ್ಯಾಟರಿಗೆ ಹೋಗುವ ಬಿ ಪ್ಲಸ್ ಕೇಬಲ್ ಕಳಚಿ, ತುದಿಗೆ ಟೇಪ್ ಸುತ್ತಿ, ಮೀಟರ್ ಸೇರಿಸಿ ಮತ್ತೆ ಕಾದೆ. 0.02. ಅಂದರೆ ಕರೆಂಟ್ ಆಲ್ಟರ್ನೇಟರಿನಲ್ಲೇ ಸೋರುತ್ತಿತ್ತು: ಅದರೊಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡಬೇಕಾದ ಡಯೋಡ್ ಲೀಕ್. ಚಾರ್ಜಿಂಗ್ ವೋಲ್ಟೇಜ್ ಸರಿಯಿದ್ದರೂ ನಿಂತ ಗಾಡಿಯಲ್ಲಿ ಡಯೋಡ್ ಹಿಮ್ಮುಖವಾಗಿ ಕರೆಂಟ್ ಬಿಡುತ್ತಿರಬಹುದು. 14.1 ನೋಡಿ ಓಕೆ ಬರೆದವರಿಗೆ ಅದು ಕಾಣುವಂತಿರಲಿಲ್ಲ.

ಆಲ್ಟರ್ನೇಟರ್ ಬದಲಾಯಿತು. ಸ್ಟೀರಿಯೋ ಅಲ್ಲೇ ಉಳಿಯಿತು. ಆದರೆ ಆ ಹೊಸ ಬ್ಯಾಟರಿ ಪದೇ ಪದೇ ಪೂರ್ತಿ ಇಳಿದು ಸಲ್ಫೇಷನ್ ಆಗಿತ್ತು (ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತಿತ್ತು), ನಿಧಾನಕ್ಕೆ ಚಾರ್ಜ್ ಮಾಡಿದರೂ ಲೋಡ್ ಟೆಸ್ಟಿನಲ್ಲಿ ನಿಲ್ಲಲಿಲ್ಲ. ಅದರ ಖರ್ಚು ಯಾರದ್ದು ಅಂತ ಕೌಂಟರಿನಲ್ಲಿ ವಾದವಾಯಿತು. ಮಾಲೀಕರ ಮೇಲೆ ಹಾಕಬೇಡಿ ಅಂತ ನಾನು ಜಾಬ್ ಕಾರ್ಡ್‌ನಲ್ಲೇ ಬರೆದು ಸಹಿ ಮಾಡಿದೆ. ಡ್ರೈನ್ ಅಳೆಯಲು ಲೇಬರ್ ಶೀಟಿನಲ್ಲಿ ಈಗಲೂ ಸಮಯ ಕೊಟ್ಟಿಲ್ಲ, ಬ್ಯಾಟರಿ ಬದಲಿಸಲು ಮಾತ್ರ ಕೊಟ್ಟಿದ್ದಾರೆ. ಪ್ರತಿ ಮೀಟಿಂಗಿನಲ್ಲೂ ಇದನ್ನೇ ಕೇಳುತ್ತಿದ್ದೇನೆ.