ಶೆಟ್ಟಿಹಳ್ಳಿಯಲ್ಲಿ ಎರಡು ಸಂಜೆ

"ಜೋಡಿ ಎಲ್ಲಿ ಸಾ?" ಅಂತ ಕೇಳಿದರು ಹಸು ಮೇಯಿಸುತ್ತಿದ್ದ ಅಜ್ಜ. ಶೆಟ್ಟಿಹಳ್ಳಿ ಚರ್ಚಿಗೆ ಟ್ರೈಪಾಡ್ ಹೊತ್ತು ಬಂದವರೆಲ್ಲ ಮದುವೆ ಫೋಟೋದವರೇ ಅಂತ ಅವರ ಲೆಕ್ಕ. ಲೆಕ್ಕ ತಪ್ಪೇನಲ್ಲ ಬಿಡಿ.

"ಜೋಡಿ ಇಲ್ಲ ಅಜ್ಜ, ಚರ್ಚೊಂದೇ. ಕತ್ತಲಾಗಲಿ ಅಂತ ಕಾಯ್ತಿದ್ದೀನಿ."

"ಕತ್ಲಲ್ಲಿ ಏನ್ ಕಾಣ್ತದೆ?" ಅಂತ ನಕ್ಕು ಹಸುವಿನ ಹಿಂದೆ ಹೋದರು.

ಹಾಸನದಿಂದ ಸುಮಾರು 20 ಕಿ.ಮೀ. ದಾರಿ. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು ಇದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, 1979ರಲ್ಲಿ ಕೆಲಸ ಮುಗಿಯಿತು. ಹಿನ್ನೀರಿಗೆ ಊರು ಎದ್ದು ಹೋಯಿತು, ಚರ್ಚು ನಿಂತಲ್ಲೇ ನಿಂತಿತು. ಮಳೆಗಾಲದಲ್ಲಿ ನೀರೊಳಗೆ, ಬೇಸಿಗೆಯಲ್ಲಿ ನೆಲದ ಮೇಲೆ. ಸೂರು ಯಾವತ್ತೋ ಹೋಗಿದೆ. ಗೋಡೆಗಳೂ ಒಂದಷ್ಟು ಬಿದ್ದಿವೆ. ಹಾಗಾಗಿ ಹಗಲಿರುವಾಗಲೇ ಸುತ್ತಾಡಿ, ಎಲ್ಲಿ ಕಾಲಿಡಬಹುದು, ಯಾವ ಗೋಡೆಯ ಹತ್ತಿರ ಹೋಗಬಾರದು ಅಂತ ನೋಡಿಟ್ಟುಕೊಂಡೆ.

ನನ್ನ ಉಪಾಯ ಸರಳ. ಅಷ್ಟು ದೊಡ್ಡ ಕಟ್ಟಡಕ್ಕೆ ಒಂದೇ ಸಲ ಬೆಳಕು ಬಿಡೋಕೆ ಲಾರಿ ತುಂಬ ದೀಪ ಬೇಕು. ನನ್ನ ಹತ್ತಿರ ಇದ್ದದ್ದು ಒಂದು ಟಾರ್ಚು. ಅದಕ್ಕೇ ಕ್ಯಾಮೆರಾ ಅಲ್ಲಾಡಿಸದೆ ಕಮಾನಿಗೊಂದು ಫೋಟೋ. ಐಎಸ್‌ಒ (ಬೆಳಕು ಹಿಡಿಯುವ ಚುರುಕು) 200, ಲೆನ್ಸಿನ ಕಿಂಡಿ ಎಫ್ 8, ಒಂದೊಂದು ಫೋಟೋಗೂ ಶಟರ್ ತೆರೆದಿರುವುದು 20 ಸೆಕೆಂಡು. ಫೋಕಸ್ ಬೆಳಕಿರುವಾಗಲೇ ಹಿಡಿದು ಮ್ಯಾನುಯಲ್‌ಗೆ ಹಾಕಿಬಿಡಬೇಕು, ಕತ್ತಲಲ್ಲಿ ಕ್ಯಾಮೆರಾ ತಡಕಾಡುತ್ತದೆ. ಆಕಾಶ ಇನ್ನೂ ನೀಲಿ ಇರುವಾಗ ಮೊದಲ ಫ್ರೇಮ್. ಆಮೇಲೆ ಕಂಬದ ಮರೆಯಲ್ಲಿ ಕೂತು, ಟಾರ್ಚನ್ನು ಕಮಾನಿನ ಒಳಬದಿಗೆ ಸುಣ್ಣ ಬಳಿದ ಹಾಗೆ ಮೇಲೆ ಕೆಳಗೆ ಆಡಿಸುವುದು. ಕಪ್ಪು ಅಂಗಿ ಹಾಕಿಕೊಂಡು ಓಡಾಡಿದರೆ ನಾವು ಫೋಟೋದಲ್ಲಿ ಮೂಡುವುದಿಲ್ಲ. ಎಲ್‌ಇಡಿಯ ಬಿಳಿ ಬೆಳಕು ಆಸ್ಪತ್ರೆ ಕಾರಿಡಾರ್ ಥರ ಕಾಣುತ್ತದೆ ಅಂತ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಹಾಳೆ ಸುತ್ತಿದ್ದೆ. ಕೊನೆಗೆ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಒಂದರ ಮೇಲೊಂದು ಇಟ್ಟು 'ಲೈಟನ್' ಅನ್ನೋ ಆಯ್ಕೆ ಒತ್ತಿದರೆ ಆಯಿತು. ಪ್ರತಿ ಚುಕ್ಕೆಯಲ್ಲೂ ಯಾವ ಫ್ರೇಮ್ ಹೆಚ್ಚು ಬೆಳಕಾಗಿದೆಯೋ ಅದು ಉಳಿಯುತ್ತದೆ.

ಹದಿನಾಲ್ಕು ಫ್ರೇಮ್ ತೆಗೆದು ಖುಷಿಯಾಗಿ ಹಾಸನದ ಲಾಡ್ಜಿಗೆ ಬಂದೆ. ಲ್ಯಾಪ್‌ಟಾಪಿನಲ್ಲಿ ಜೋಡಿಸಿ ನೋಡಿದರೆ ಪ್ರತಿ ಕಮಾನಿಗೂ ಒಬ್ಬ ತಮ್ಮ ಹುಟ್ಟಿದ್ದ. ಮೊದಲ ಫ್ರೇಮಿಗೂ ಕೊನೆಯದಕ್ಕೂ ಹೊಂದಿಕೆಯೇ ಇಲ್ಲ. ಯಾರೂ ಕ್ಯಾಮೆರಾ ಮುಟ್ಟಿರಲಿಲ್ಲ. ತಲೆ ಕೆರೆದುಕೊಂಡು ಟ್ರೈಪಾಡ್ ಎತ್ತಿ ನೋಡಿದೆ. ಒಂದು ಕಾಲಿಗೆ ಮಾತ್ರ ನಾಲ್ಕು ಬೆರಳಷ್ಟು ಕೆಸರು ಮೆತ್ತಿಕೊಂಡಿತ್ತು. ಹಿನ್ನೀರಿನ ನೆಲ ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಒಳಗೆ ಇನ್ನೂ ಹಸಿ. ನಾನು ಕಂಬದ ಮರೆಯಲ್ಲಿ ಕೂತಿದ್ದಷ್ಟು ಹೊತ್ತೂ ಆ ಕಾಲು ಸುಮ್ನೆ ಇಳಿಯುತ್ತಾ ಇತ್ತು.

ಮಾರನೇ ದಿನ ಮೂರು ಹೆಂಚಿನ ಚೂರು ಹಿಡಿದು ಹೋದೆ. ಕಾಲಿಗೊಂದು ಹೆಂಚು. ಒತ್ತಿ ನೋಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಒತ್ತಿ ನೋಡಿದೆ. ಅಲ್ಲಾಡಲಿಲ್ಲ.

"ಇವತ್ತೂ ಒಬ್ರೇನಾ?" ಅಂದರು ಅಜ್ಜ. ಈ ಸಲ ಹೋಗಲಿಲ್ಲ, ದೂರದಲ್ಲಿ ಬೀಡಿ ಹಚ್ಚಿ ಕೂತರು. ಏಳೂಕಾಲಿಗೆ ಕತ್ತಲು ಪೂರ್ತಿ ಕವಿಯಿತು. ಒಂದು ಕಮಾನು ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಕಪ್ಪೆಗಳು ಕೂಗು ನಿಲ್ಲಿಸುತ್ತಿದ್ದವು, ನಾನು ಕೂತರೆ ಮತ್ತೆ ಶುರು. ಮುಗಿಸಿದ ಮೇಲೆ ಕ್ಯಾಮೆರಾದ ಪರದೆ ತೋರಿಸಿದೆ. ಅಜ್ಜ ಕಣ್ಣು ಕಿರಿದು ಮಾಡಿ ನೋಡಿ, "ಇಷ್ಟ್ ಕರೆಂಟ್ ಎಲ್ಲಿಂದ ಬಂತು ಸಾ?" ಅಂದರು. ಅವರು ನೋಡಿದ್ದು ಒಂದೇ ಕಮಾನು.

ಈ ಸಲ ಎಲ್ಲ ಕಮಾನೂ ತಮ್ಮ ತಮ್ಮ ಜಾಗದಲ್ಲೇ ಕೂತವು. ಒಂಬತ್ತನೇ ಫ್ರೇಮಿನಲ್ಲಿ ಮಾತ್ರ, ಎಡಗಡೆ ಮೂಲೆಯಲ್ಲಿ ಎರಡು ಹಸಿರು ಚುಕ್ಕೆ. ದೊಡ್ಡದು ಮಾಡಿ ನೋಡಿದೆ. ಅಜ್ಜನ ಹಸುವಿನ ಕಣ್ಣು. ಅಳಿಸೋಕೆ ಎರಡು ನಿಮಿಷ ಸಾಕಿತ್ತು. ಅಳಿಸಲಿಲ್ಲ.