ಕೊನೆಯ ವಾರಕ್ಕೆ ತಳ್ಳಿದ ಪುಸ್ತಕ

ಅಮೆರಿಕನ್ ಸಾಹಿತ್ಯದ ಸರ್ವೇ ಕೋರ್ಸು, ಅಂತರ್ಯುದ್ಧದಿಂದ ಇಂದಿನವರೆಗೆ. ಲ್ಯಾಟಿನೆಕ್ಸ್, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಅಮೆರಿಕನ್ನರ ಬರವಣಿಗೆಗೆ ಸಿಕ್ಕಿದ್ದು ಸೆಮಿಸ್ಟರಿನ ಕೊನೇ ವಾರ, ಒಂದೇ ಕ್ಲಾಸು: ಸಾಂಡ್ರಾ ಸಿಸ್ನೆರೋಸ್ ಅವರ 'ದಿ ಹೌಸ್ ಆನ್ ಮ್ಯಾಂಗೋ ಸ್ಟ್ರೀಟ್'. ಅವತ್ತೇ ಹಿಮ ಸುರಿದು ಕ್ಯಾಂಪಸ್ ಮುಚ್ಚಿತು. ಕಮಿಟಿಯ ವರದಿಯಲ್ಲಿ ಮಾತ್ರ 'ವೈವಿಧ್ಯ' ಕಾಲಂಗೆ ಟಿಕ್ ಬಿದ್ದಿತ್ತು. ಅವರು ನೋಡುವುದು ಸಿಲಬಸ್ ಹಾಳೆಯನ್ನು, ಪಾಠ ಆಯಿತೋ ಇಲ್ಲವೋ ಅನ್ನುವುದನ್ನಲ್ಲ.

ಕಾಲಾನುಕ್ರಮದಲ್ಲಿ ಹೋದರೆ ಇವೆಲ್ಲ ಕೊನೆಗೇ ಬರುತ್ತವೆ ಅನ್ನುವ ವಾದ ನಿಲ್ಲುವುದಿಲ್ಲ. ಮಾರಿಯಾ ಆಂಪಾರೋ ರೂಯಿಸ್ ದೆ ಬರ್ಟನ್ ಅವರ 'ದಿ ಸ್ಕ್ವಾಟರ್ ಅಂಡ್ ದಿ ಡಾನ್' ಬಂದದ್ದು 1885ರಲ್ಲಿ. ಮಾರ್ಕ್ ಟ್ವೇನ್ ಅವರ 'ಹಕಲ್‌ಬೆರಿ ಫಿನ್' ಅಮೆರಿಕದಲ್ಲಿ ಅಚ್ಚಾದದ್ದೂ ಅದೇ ವರ್ಷ. ಪುಸ್ತಕ ಸಿಗುವುದಿಲ್ಲ ಅನ್ನುವ ನೆಪವೂ 1992ಕ್ಕೇ ಮುಗಿಯಿತು, ಹ್ಯೂಸ್ಟನ್ನಿನ ಆರ್ತೆ ಪೂಬ್ಲಿಕೋ ಪ್ರೆಸ್ ಅದನ್ನು ಮತ್ತೆ ಅಚ್ಚು ಹಾಕಿತು. ಎರಡನ್ನೂ ಒಂದೇ ವಾರಕ್ಕೆ ಹಾಕಬಹುದು.

ರೂಯಿಸ್ ದೆ ಬರ್ಟನ್ ಅವರದು ದಪ್ಪ ಕಾದಂಬರಿ, ಪೂರ್ತಿ ಓದಿಸಲು ಹೋದರೆ ಎಡವುತ್ತೀರಿ. ಮೊದಲೆರಡು ಅಧ್ಯಾಯ, ಆಮೇಲೆ ಕ್ಯಾಲಿಫೋರ್ನಿಯಾದ ಮೆಕ್ಸಿಕನ್ ಮೂಲದ ಜಮೀನ್ದಾರ ಡಾನ್ ಮರಿಯಾನೋ ತನ್ನ ಜಮೀನಿನಲ್ಲಿ ಬಂದು ನೆಲೆಯೂರಿದ ಸ್ಕ್ವಾಟರ್‌ಗಳನ್ನು ಕೂರಿಸಿಕೊಂಡು ದನ ಕೊಡುತ್ತೇನೆ ಅನ್ನುವ ಸಭೆ, ಇಷ್ಟು ಸಾಕು. ಅದಕ್ಕೂ ಮುಂಚೆ ಅರ್ಧ ಗಂಟೆ ಕಾನೂನಿಗೆ ಇಡಿ. ಮೆಕ್ಸಿಕೋ ಜೊತೆಗಿನ ಯುದ್ಧ ಮುಗಿಸಿ ಕ್ಯಾಲಿಫೋರ್ನಿಯಾವನ್ನು ಅಮೆರಿಕಕ್ಕೆ ಸೇರಿಸಿದ 1848ರ ಗ್ವಾದಲೂಪೆ ಇದಾಲ್ಗೋ ಒಪ್ಪಂದ ಅಲ್ಲಿನ ಮೆಕ್ಸಿಕನ್ನರ ಆಸ್ತಿಗೆ ರಕ್ಷಣೆಯ ಮಾತು ಕೊಟ್ಟಿತು. ಕ್ಯಾಲಿಫೋರ್ನಿಯಾಕ್ಕೆಂದು ಬಂದ 1851ರ ಭೂ ಕಾಯ್ದೆ ಅದೇ ಜನರಿಗೆ ನಿಮ್ಮ ಹಕ್ಕು ಸಾಬೀತು ಮಾಡಿ ಅಂದಿತು. ಕೇಸು ವರ್ಷಗಟ್ಟಲೆ ಎಳೆಯಿತು, ಜಮೀನು ವಕೀಲರ ಫೀಜಿಗೇ ಕರಗಿತು. ಇದು ಗೊತ್ತಿಲ್ಲದವರಿಗೆ ಕಾದಂಬರಿ ಬರೀ ಪ್ರೇಮಕಥೆ.

ಕ್ಲಾಸು ಕೆಡುವುದು ಇನ್ನೊಂದು ಕಡೆ. ಲೇಖಕಿಯನ್ನು ತುಳಿತಕ್ಕೊಳಗಾದವರ ದನಿ ಅಂತ ಪರಿಚಯಿಸಿಬಿಟ್ಟರೆ, ಆ ಸಭೆಯಲ್ಲೇ ಸಿಕ್ಕಿಬೀಳುತ್ತೀರಿ: ದನ ಅಟ್ಟುವ ಕೆಲಸ ಅಲ್ಲಿ ಇಂಡಿಯನ್, ಅಂದರೆ ಅಮೆರಿಕದ ಮೂಲನಿವಾಸಿ ಆಳುಗಳ ಪಾಲಿಗೆ. ಜಮೀನ್ದಾರಿಕೆಯ ಗತ್ತು ಆಕೆಯದು. ಅದನ್ನು ಮುಚ್ಚಿಡದೆ ಪಾಠದ ನಡುವಿಗೇ ತನ್ನಿ, ಚರ್ಚೆ ಬಿಸಿಯೇರುವುದು ಅಲ್ಲೇ.

ತೋಮಾಸ್ ರಿವೇರಾ ಅವರ 1971ರ ಕೂಲಿಕಾರರ ಕಥೆಗಳಿಗೆ ದ್ವಿಭಾಷಾ ಆವೃತ್ತಿಯನ್ನೇ ತರಿಸಿ. ಸ್ಪ್ಯಾನಿಷ್ ಭಾಗವನ್ನು ಶಿಕ್ಷಕರೇ ಓದಬೇಕು, ಉಚ್ಚಾರ ತಪ್ಪಿದರೂ ಪರವಾಗಿಲ್ಲ. ಗಾರ್ಸಿಯಾ, ಲೋಪೆಸ್ ಅಂತ ಹೆಸರು ನೋಡಿ 'ನೀನು ಓದು' ಅನ್ನಬೇಡಿ. ಮೂರನೇ ತಲೆಮಾರಿನ ಎಷ್ಟೋ ಮಕ್ಕಳಿಗೆ ಸ್ಪ್ಯಾನಿಷ್ ಬರುವುದಿಲ್ಲ. ಒಮ್ಮೆ ಹಾಗೆ ತಲೆ ತಗ್ಗಿಸಿದವರು ಆ ಸೆಮಿಸ್ಟರಿನಲ್ಲಿ ಮತ್ತೆ ಬಾಯಿ ಬಿಡುವುದು ಕಷ್ಟ.

ಇನ್ನು ಫೈನಲ್ ಪರೀಕ್ಷೆ. ಅಲ್ಲಿ ಪ್ರಶ್ನೆ ಬರುವುದಿಲ್ಲ ಅಂತ ಗೊತ್ತಾದರೆ ಯಾರೂ ಓದುವುದಿಲ್ಲ. ಆಯ್ಕೆಯಿಲ್ಲದ ಪ್ರಶ್ನೆಯಾಗಿಯೇ ಹಾಕಿ: ಟ್ವೇನ್ ಕಾದಂಬರಿಯ ಗುಲಾಮ ಜಿಮ್ ಇನ್ನೊಬ್ಬರ ಆಸ್ತಿ ಅನ್ನುವ ಕಾನೂನು, ಡಾನ್‌ನ ಆಸ್ತಿ ಅವನದಲ್ಲ ಅನ್ನುವ ಕಾನೂನು, ಎರಡು ಕಾದಂಬರಿಗಳೂ ಇವನ್ನು ಯಾರ ಬಾಯಲ್ಲಿ ಹೇಳಿಸುತ್ತವೆ?