ಮೆಕೆಟ್ರೆಯ ಕಸಾಯಿಖಾನೆ ಮಾಡೆಲ್: ಕೆಳಗಿನ ಅಂಗಳ ಮುಗೀತು

ಅಂಗಳ, ಕಂಬ, ಎತ್ತುಗಳು ಎಲ್ಲಾ ರೆಡಿ, ಇನ್ನು ಮೇಲಿನ ಮಹಡಿ ಬಾಕಿ. ಹೊಸಬರಿಗೆ ಚುಟುಕಾಗಿ ಹೇಳ್ತೀನಿ: ನಾನು ಮಾಡ್ತಿರೋದು ಮೆಕೆಟ್ರೆ ಅನ್ನೋ ಈಜಿಪ್ಟಿನ ಅಧಿಕಾರಿಯ ಸಮಾಧೀಲಿ ಸಿಕ್ಕ ಮರದ ಮಾಡೆಲ್ ಒಂದರ ನಕಲು. ಆತ ಇದ್ದಿದ್ದು ಸುಮಾರು 4000 ವರ್ಷದ ಹಿಂದೆ, ಥೀಬ್ಸ್‌ನಲ್ಲಿ. ಕಳ್ಳರು ಸಮಾಧಿನ ಯಾವತ್ತೋ ದೋಚಿ ಹೋಗಿದ್ರು, ಆದ್ರೆ 1920ರಲ್ಲಿ ಪುರಾತತ್ವಜ್ಞ ಹರ್ಬರ್ಟ್ ವಿನ್‌ಲಾಕ್ ತಂಡದವರು ಅದನ್ನ ಕ್ಲೀನ್ ಮಾಡೋವಾಗ ಯಾರೂ ಮುಟ್ಟದ ಒಂದು ಚಿಕ್ಕ ಕೋಣೆ ಸಿಕ್ತು, ಒಳಗೆ ಬೇಕರಿ, ಕಣಜ, ದನದ ಕೊಟ್ಟಿಗೆ, ದೋಣಿಗಳು, ಹೀಗೆ ಒಂದು ಇಡೀ ಜಮೀನ್ದಾರಿಕೆ ಮರದಲ್ಲಿ ಕೆತ್ತಿಟ್ಟಿತ್ತು. ಈಗ ಅದರಲ್ಲಿ ಒಂದಷ್ಟು ಕೈರೋದಲ್ಲಿದೆ, ಉಳಿದಿದ್ದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ.

ಮರ ಹಾಲೆ ಮರನೇ, ಚನ್ನಪಟ್ಟಣದ ಗೊಂಬೆಗೆ ಬಳಸ್ತಾರಲ್ಲ ಅದು, ಮೆತ್ತಗಿರುತ್ತೆ, ಚಿಕ್ಕ ಉಳಿಗೂ ಚೆನ್ನಾಗಿ ಬಗ್ಗುತ್ತೆ. ಅದರ ಮೇಲೆ ಸೀಮೆಸುಣ್ಣದ ಪುಡಿ ಮತ್ತು ಅಂಟು ಕಲಸಿ ಎರಡು ಕೋಟ್, ಒಣಗಿದ ಮೇಲೆ ಸ್ಯಾಂಡ್ ಪೇಪರ್, ಆಮೇಲೆ ಬಣ್ಣ.

ಜಾಸ್ತಿ ಟೈಮ್ ತಗೊಂಡಿದ್ದು ಎತ್ತುಗಳು. ಸಕ್ಕಾರಾದ ಸಮಾಧಿ ಗೋಡೆಗಳ ಕೆತ್ತನೆ ನೋಡಿದ್ರೆ ಗೊತ್ತಾಗುತ್ತೆ, ಎತ್ತನ್ನ ಮಲಗಿಸಿ ಮೂರು ಕಾಲು ಒಟ್ಟಿಗೆ ಕಟ್ಟಿ ಒಂದು ಮುಂಗಾಲು ಮಾತ್ರ ಬಿಟ್ಟಿರ್ತಾರೆ, ಒಬ್ಬ ಅದನ್ನ ಎತ್ತಿ ಹಿಡ್ಕೊಂಡ್ರೆ ಇನ್ನೊಬ್ಬ ಕಟುಕ ಕಲ್ಲಿನ ಚೂರಿಯಿಂದ ಕತ್ತರಿಸ್ತಾನೆ, ಚೂರಿ ಮಸೆಯೋ ಸಾಧನ ಸೊಂಟದಲ್ಲಿ ದಾರಕ್ಕೆ ನೇತಾಡ್ತಿರುತ್ತೆ. ನನ್ನ ಒಂದು ಎತ್ತಿಗೂ ಹಾಗೇ ಕಟ್ಟಿದೀನಿ. ಆ ಮುಂಗಾಲು ಬರೀ ಮಾಂಸ ಅಲ್ಲ. ಸತ್ತವರ ಬಾಯಿ ತೆರೆಸೋ ವಿಧಿಯಲ್ಲಿ ಮಮ್ಮಿಯ ಬಾಯಿಗೆ ಅದನ್ನೇ ಹಿಡೀತಿದ್ರು, ಮತ್ತೆ ತಿನ್ನೋಕೆ, ಮಾತಾಡೋಕೆ, ಉಸಿರಾಡೋಕೆ ಶಕ್ತಿ ಬರ್ಲಿ ಅಂತ. ಆಕಾಶದಲ್ಲೂ ಅದೇ ಕಾಲು: ನಾವು ಸಪ್ತರ್ಷಿ ಮಂಡಲ ಅನ್ನೋ ಏಳು ನಕ್ಷತ್ರ ಅವರಿಗೆ ಎತ್ತಿನ ಮುಂಗಾಲಾಗಿ ಕಾಣ್ತಿತ್ತು. ಬ್ರಿಟಿಷ್ ಮ್ಯೂಸಿಯಂನಲ್ಲಿರೋ ಹುನೆಫರ್ ಪಪೈರಸ್‌ನಲ್ಲಿ (ಹುನೆಫರ್ ಅನ್ನೋನ ಸಮಾಧಿಗೆ ಅಂತ ಮಾಡಿದ ಚಿತ್ರದ ಸುರುಳಿ) ಮುಂಗಾಲು ಕಡಿದ ಒಂದು ಕರು ಇದೆ, ಹಿಂದೆ ತಾಯಿ ಹಸು ಮೂತಿ ಎತ್ತಿ ಕೂಗ್ತಿದೆ. ಆ ಚಿತ್ರ ನೋಡಿದಾಗೆಲ್ಲ ಕೈ ನಿಂತುಹೋಗುತ್ತೆ ನಂಗೆ, ಬರೆದವನೂ ಆ ಕೂಗು ಕೇಳಿದ್ದ ಅನ್ಸುತ್ತೆ.

ಕಡಿದ ಎತ್ತಿನ ತಲೆ ಇಡ್ಬೇಕಾ ಬೇಡ್ವಾ ಅಂತ ತುಂಬಾ ಯೋಚಿಸ್ದೆ. ಈಜಿಪ್ಟಿನವರು ಬಲಿ ಕೊಟ್ಟ ಪ್ರಾಣಿಯ ತಲೆಗೆ ಶಾಪ ಹಾಕಿ ಗ್ರೀಕರಿಗೆ ಮಾರ್ತಾರೆ, ಗಿರಾಕಿ ಇಲ್ದಿದ್ರೆ ನದಿಗೆ ಎಸೀತಾರೆ ಅಂತ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೀತಾನೆ, ಆದ್ರೆ ಅವನು ಮೆಕೆಟ್ರೆಗಿಂತ ಸುಮಾರು 1500 ವರ್ಷ ಆಮೇಲಿನವನು, ಹಳೇ ಸಮಾಧಿಗಳಲ್ಲಿ ನೈವೇದ್ಯದ ರಾಶಿ ಮೇಲೆ ಎತ್ತಿನ ತಲೆ ಬೇಕಾದಷ್ಟು ಸಲ ಕಾಣುತ್ತೆ. ಹಾಗಾಗಿ ಇಟ್ಟೆ, ಗೋಡೆ ಪಕ್ಕ.

ಇದನ್ನ ಕೆತ್ತುತ್ತಾ ಕೆತ್ತುತ್ತಾ ನಂಗೆ ಗಟ್ಟಿಯಾಗಿದ್ದು ಒಂದೇ ವಿಷಯ, ಇಲ್ಲಿ ಬಲಿ ಅಂದ್ರೆ ಊಟ ಹಾಕೋದು. ಹಾಗಾಗೇ ಮಾಡೆಲ್‌ನಲ್ಲಿ ಕಡಿಯೋದರ ಜೊತೆಗೆ ಪಾತ್ರೆಯಲ್ಲಿ ರಕ್ತ ಹಿಡಿಯೋದು, ಮಾಂಸ ಒಣಹಾಕೋದು ಎಲ್ಲಾ ಇದೆ, ಪೂರ್ತಿ ಅಡುಗೆಮನೆ ಲೆಕ್ಕ. ಸತ್ತವನ 'ಕಾ' ಅಂದ್ರೆ ಪ್ರಾಣಶಕ್ತಿಗೆ ದಿನಾ ಹಸಿವಾಗುತ್ತೆ, ಮಕ್ಕಳು ಮೊಮ್ಮಕ್ಕಳು ಎಷ್ಟು ದಿನ ಅಂತ ತಂದಿಟ್ಟಾರು, ಅದಕ್ಕೇ ಮರದ ಕಸಾಯಿಖಾನೆ. ದೇವಸ್ಥಾನದಲ್ಲೂ ದೇವರ ಮುಂದೆ ಇಟ್ಟ ರೊಟ್ಟಿ, ಬಿಯರ್, ಮಾಂಸ ಆಮೇಲೆ ಪೂಜಾರಿಗಳಿಗೇ ಹಂಚಿಹೋಗ್ತಿತ್ತು, ನಮ್ಮ ಪ್ರಸಾದದ ಹಾಗೆ, ಆದ್ರೆ ಅವರಿಗೆ ಅದು ಸಂಬಳವೂ ಹೌದು. ಅಸ್ಯೂತ್ ಪ್ರಾಂತ್ಯದ ಅಧಿಪತಿ ಜೆಫೈಹಾಪಿ ತನ್ನ ಸಮಾಧಿ ಗೋಡೆ ಮೇಲೆ ಪೂಜಾರಿಗಳ ಜೊತೆಗಿನ 10 ಒಪ್ಪಂದ ಕೆತ್ತಿಸಿದಾನೆ, ಅದರಲ್ಲಿ ದೇವಸ್ಥಾನದ ಆದಾಯದಲ್ಲಿ ಒಂದು ದಿನದ ಪಾಲು ಅಂದ್ರೆ ವರ್ಷದ 1/360 ಪಾಲು ಅಂತ ಸ್ಪಷ್ಟವಾಗಿದೆ, ತನ್ನ ಪಾಲಿನ ದಿನಗಳನ್ನ ಕೊಟ್ಟು ಬದಲಿಗೆ ರೊಟ್ಟಿ, ದೀಪದ ಬತ್ತಿ ಕೊಂಡ್ಕೋತಾನೆ.

ನರಬಲಿ ಇತ್ತಾ ಅಂತ ತುಂಬಾ ಜನ ಕೇಳ್ತಾರೆ. ಮೊದಲನೇ ರಾಜವಂಶದಲ್ಲಿ ಇತ್ತು ಅಂತಲೇ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ, ಅಬೈಡೋಸ್‌ನಲ್ಲಿ ಜೆರ್ ರಾಜನ ಸಮಾಧಿ ಸುತ್ತ ಸೇವಕರ 300ಕ್ಕೂ ಹೆಚ್ಚು ಗುಂಡಿಗಳಿವೆ. ಆ ವಂಶದ ಜೊತೆಗೇ ಅದು ನಿಂತುಹೋಯ್ತು. ಮೆಕೆಟ್ರೆ ಕಾಲಕ್ಕೆ ಸೇವಕರ ಜಾಗದಲ್ಲಿ ಮರದ ಗೊಂಬೆ ಬಂದಾಗಿತ್ತು.

ಮುಂದಿನ ಕೆಲಸ ಮಹಡಿ. ಅಲ್ಲಿ ಹಗ್ಗಕ್ಕೆ ಮಾಂಸದ ತುಂಡು ನೇತುಹಾಕ್ಬೇಕು, ಹಗ್ಗಕ್ಕೆ ಹತ್ತಿ ದಾರ ಹೊಸೆದಿಟ್ಟಿದೀನಿ. ತುಂಡುಗಳ ಆಕಾರಕ್ಕೆ ಟುಟಾಂಖಾಮನ್ ಸಮಾಧಿಯ 48 ಮಾಂಸದ ಪೆಟ್ಟಿಗೆಗಳ ಫೋಟೋ ನೋಡ್ತಿದೀನಿ, ಕಾಲ ಬೇರೆ ಆದ್ರೂ ಒಳಗಿನ ತುಂಡಿಗೆ ತಕ್ಕಂತೆ ಪೆಟ್ಟಿಗೆ ಕೆತ್ತಿರೋದ್ರಿಂದ ಅಳತೆ ಸಿಗುತ್ತೆ. ಒಣಮಾಂಸಕ್ಕೆ ಕೆಮ್ಮಣ್ಣಿಗೆ ಸ್ವಲ್ಪ ಕಪ್ಪು ಬೆರೆಸಿ ನೋಡ್ತೀನಿ, ಬೇರೆ ಐಡಿಯಾ ಇದ್ರೆ ತಿಳಿಸಿ.